ಹೊಸ ಸ್ಟಿರಿಯೋ ಹಾಕಿಸಿದ ಮೇಲೆ ಸ್ಟೀರಿಂಗ್ ಬಟನ್‌ಗಳು ಕೆಲಸ ಮಾಡದಿದ್ದರೆ ಏನು ಮಾಡಬೇಕು?

ನಿಮ್ಮ ಹಳೆಯ ಇನ್ನೋವಾಕ್ಕೆ 9 ಇಂಚಿನ ಆಂಡ್ರಾಯ್ಡ್ ಸ್ಟಿರಿಯೋ ಹಾಕಿಸಿದ್ದೀರಿ. ಹಾಡು, ಮ್ಯಾಪ್, ಹಿಂದಿನ ಕ್ಯಾಮೆರಾ ಎಲ್ಲವೂ ಸರಿಯಾಗಿದ್ದು ಸ್ಟೀರಿಂಗ್ ಮೇಲಿನ ಬಟನ್‌ಗಳು ಮಾತ್ರ ಕೆಲಸ ಮಾಡುತ್ತಿಲ್ಲ. ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದರೂ ವೈರುಗಳ ಸಂಪರ್ಕ ಕಡಿಯದಂತೆ ಅದರ ಹಿಂದೆ ಇರುವ ಸುರುಳಿ) ಹೋಗಿದೆ ಎಂದು ಅಂಗಡಿಯವರು ಹೇಳಿದ್ದಾರೆ, ಬದಲಿಸಲೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಈಗಲೇ ಬದಲಿಸಬೇಡಿ. ಹಳೆಯ ಸ್ಟಿರಿಯೋ ಬಿಚ್ಚುವ ದಿನದವರೆಗೂ ಬಟನ್‌ಗಳು ಸರಿಯಾಗಿದ್ದವು ಎಂದು ನೀವೇ ಬರೆದಿದ್ದೀರಿ. ಹಾರ್ನ್, ಏರ್‌ಬ್ಯಾಗ್, ಬಟನ್ ಈ ಮೂರರ ವೈರುಗಳೂ ಆ ಒಂದೇ ಸುರುಳಿಯ ಮೂಲಕ ಹಾದುಬರುತ್ತವೆ. ಹಾರ್ನ್ ಹೊಡೆಯುತ್ತಿದ್ದು, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯದೆ ಇದ್ದರೆ, ಸ್ಟಿರಿಯೋ ಬದಲಾದ ದಿನವೇ ಅದು ಕೆಟ್ಟಿತೆಂದು ನಂಬುವುದು ಕಷ್ಟ.

ಬಟನ್‌ಗಳ ಒಳಗೆ ಏನಿದೆ ಎಂಬುದು ತಿಳಿದರೆ ಉಳಿದದ್ದು ತಾನಾಗಿಯೇ ಸ್ಪಷ್ಟವಾಗುತ್ತದೆ. ಬಿಡದಿಯಿಂದ ಹೊರಬಂದ ಆ ಕಾಲದ ಟೊಯೊಟಾ ಕಾರುಗಳಲ್ಲಿ ಆಡಿಯೋ ಬಟನ್‌ಗಳಿಂದ ಸ್ಟಿರಿಯೋವರೆಗೆ ಬರುವುದು ಮೂರು ವೈರು: ಎಸ್‌ಡಬ್ಲ್ಯೂ1, ಎಸ್‌ಡಬ್ಲ್ಯೂ2 ಮತ್ತು ಇವೆರಡಕ್ಕೂ ಸಾಮಾನ್ಯವಾದ ಅರ್ತಿಂಗ್ ವೈರಾದ ಎಸ್‌ಡಬ್ಲ್ಯೂಜಿ. ಒಂದೊಂದು ಬಟನ್ ಒತ್ತಿದಾಗಲೂ ವೈರಿಗೂ ಅರ್ತಿಂಗ್‌ಗೂ ನಡುವೆ ಒಂದೊಂದು ಬೆಲೆಯ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ, ಅದರ ಅಳತೆ ಓಮ್) ಬಂದು ಕೂರುತ್ತದೆ. ನನ್ನ ಇನ್ನೋವಾದಲ್ಲಿ ಎಸ್‌ಡಬ್ಲ್ಯೂ1 ವೈರಿಗೆ ಮೀಟರ್ ಹಿಡಿದಾಗ ಮುಂದಿನ ಹಾಡಿನ ಬಟನ್‌ಗೆ ಹೆಚ್ಚುಕಡಿಮೆ ಸೊನ್ನೆ, ಹಿಂದಿನ ಹಾಡಿಗೆ ಸುಮಾರು 330 ಓಮ್, ವಾಲ್ಯೂಮ್ ಏರಿಸುವುದಕ್ಕೆ 1,000 ಓಮ್, ಇಳಿಸುವುದಕ್ಕೆ 3,100 ಓಮ್ ತೋರಿಸಿತು; ಏನನ್ನೂ ಒತ್ತದಿದ್ದಾಗ ಸುಮಾರು 1 ಲಕ್ಷ ಓಮ್ ಇತ್ತು. ಸ್ಟಿರಿಯೋ ತನ್ನೊಳಗಿನ ಸಣ್ಣ ವೋಲ್ಟೇಜನ್ನು ಒಂದು ರೆಸಿಸ್ಟರಿನ ಮೂಲಕ ಈ ವೈರಿಗೆ ಕೊಟ್ಟು, ಅದು ಎಷ್ಟಕ್ಕೆ ಇಳಿಯಿತೆಂದು ನೋಡುತ್ತಿರುತ್ತದೆ. ಉದಾಹರಣೆಗೆ ಅದು 3.3 ವೋಲ್ಟ್, ಒಳಗಿನ ರೆಸಿಸ್ಟರ್ 1,000 ಓಮ್ ಎಂದಿಟ್ಟುಕೊಂಡರೆ, ಈ ಬಟನ್‌ಗಳಿಗೆ ಕ್ರಮವಾಗಿ 0, 0.82, 1.65 ಮತ್ತು 2.5 ವೋಲ್ಟ್ ಸಿಗುತ್ತದೆ. ಸ್ಟಿರಿಯೋಗೆ ಬಟನ್‌ನ ಹೆಸರು ಗೊತ್ತಿರುವುದಿಲ್ಲ, ಈ ಅಂಕಿ ಮಾತ್ರ ಗೊತ್ತು.

ನಾನು ಕಂಡಂತೆ ತಪ್ಪು ಹೆಚ್ಚಾಗಿ ಆಗುವುದು ಎರಡು ಕಡೆ. ಮೊದಲನೆಯದು ಅರ್ತಿಂಗ್. ಎಸ್‌ಡಬ್ಲ್ಯೂಜಿ ವೈರಿಗೆ ಹಳೆಯ ಸ್ಟಿರಿಯೋದ ಒಳಗೇ ಅರ್ತಿಂಗ್ ಸಿಗುತ್ತಿತ್ತು. ಹೊಸ ಸ್ಟಿರಿಯೋದಲ್ಲಿ ಸ್ಟೀರಿಂಗ್ ಬಟನ್‌ಗಳಿಗೆಂದೇ ಇರುವ ಕೀ1, ಕೀ2 ವೈರುಗಳನ್ನು ಸೇರಿಸಿ ಇದನ್ನು ಹಾಗೆಯೇ ಬಿಟ್ಟರೆ ಸರ್ಕ್ಯೂಟ್ ಪೂರ್ಣವಾಗುವುದೇ ಇಲ್ಲ, ಒಂದು ಬಟನ್ ಕೂಡ ಕೆಲಸ ಮಾಡುವುದಿಲ್ಲ. ನಿಮ್ಮ ಕಾರಿನಲ್ಲೂ ಇದೇ ಆಗಿರಬಹುದೆಂಬುದು ನನ್ನ ಬಲವಾದ ಅನಿಸಿಕೆ. ಎರಡನೆಯದು ನನಗೇ ಆದದ್ದು: ಮೋಡ್ ಬಟನ್ ಒತ್ತಿದರೆ ಹಾಡು ಮುಂದಕ್ಕೆ ಹೋಗುತ್ತಿತ್ತು. ಸ್ಟಿರಿಯೋ ಹೊರಗೆಳೆದು ನೋಡಿದರೆ, ಫಿಟ್ ಮಾಡಿದವರು ಎಸ್‌ಡಬ್ಲ್ಯೂ1, ಎಸ್‌ಡಬ್ಲ್ಯೂ2 ಎರಡನ್ನೂ ಒಟ್ಟಿಗೆ ಹೊಸೆದು ಕೀ1ಕ್ಕೆ ಸೇರಿಸಿ, ಮೇಲೆ ಕಪ್ಪು ಟೇಪು ಸುತ್ತಿದ್ದರು; ಬಿಸಿಲಿಗೆ ಟೇಪಿನ ಅಂಟು ಕರಗಿ ಇಡೀ ಜೋಡಣೆ ಬೆರಳಿಗೆ ಜಿಗುಟುತ್ತಿತ್ತು. ಎಸ್‌ಡಬ್ಲ್ಯೂ2ರಲ್ಲಿ ಮೋಡ್ ಬಟನ್‌ನ ಬೆಲೆಯೂ ಸೊನ್ನೆಯೇ. ಎರಡು ಸೊನ್ನೆಗಳು ಒಂದೇ ವೈರಿಗೆ ಬಂದರೆ ಯಾವ ಸ್ಟಿರಿಯೋ ತಾನೇ ಅವನ್ನು ಬೇರ್ಪಡಿಸೀತು? ಎರಡನ್ನೂ ಬಿಡಿಸಿ ಕೀ1, ಕೀ2ಕ್ಕೆ ಪ್ರತ್ಯೇಕವಾಗಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಬ್ಯಾಟರಿಯ ನೆಗೆಟಿವ್ ಕಳಚಿ, ಸ್ಟಿರಿಯೋ ಹೊರಗೆಳೆದು, ಕಾರಿನ ಕಡೆಯ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಡಿಸಿಕೊಳ್ಳಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಎಸ್‌ಡಬ್ಲ್ಯೂಜಿ ಮೇಲೂ ಇನ್ನೊಂದನ್ನು ಎಸ್‌ಡಬ್ಲ್ಯೂ1 ಮೇಲೂ ಇಟ್ಟು, ಜೊತೆಗಿರುವವರಿಂದ ಒಂದೊಂದೇ ಬಟನ್ ಒತ್ತಿಸಿ. ಅಂಕಿಗಳು ಬೇರೆಬೇರೆಯಾಗಿ ಬಂದು ಸ್ಥಿರವಾಗಿ ನಿಂತರೆ ಬಟನ್‌ಗಳೂ ವೈರಿಂಗೂ ಸರಿಯಾಗಿವೆ. ಕಂಪನಿಯ ವೈರಿಂಗ್ ಕತ್ತರಿಸಲು ಮಾತ್ರ ಯಾರಿಗೂ ಬಿಡಬೇಡಿ. ಟೊಯೊಟಾ ಕಪ್ಲರ್ ಇರುವ ಹಾರ್ನೆಸ್ (ಸಿದ್ಧ ವೈರುಗಳ ಗೊಂಚಲು) ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಯಾಗಿ ಸಿಗುತ್ತದೆ.

ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇನೆ. ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಹೊದಿಕೆಯ ವೈರು ಏರ್‌ಬ್ಯಾಗಿನದು, ಅದಕ್ಕೆ ಮೀಟರಿನ ಕಡ್ಡಿಯನ್ನೂ ತಾಗಿಸಬಾರದು. ಇನ್ನೊಂದು, ಬಟನ್‌ಗಳ ಹಿಂದೆ ಉರಿಯುವ ಪುಟ್ಟ ದೀಪಗಳ ವೈರನ್ನು ಬಟನ್ ವೈರೆಂದು ತಿಳಿದು ಕೀ1ಕ್ಕೆ ಸೇರಿಸಿದರೆ, ಪಾರ್ಕಿಂಗ್ ಲೈಟ್ ಹಾಕಿದ ಕ್ಷಣವೇ 12 ವೋಲ್ಟ್ ಒಳನುಗ್ಗಿ ಸ್ಟಿರಿಯೋದ ಆ ಭಾಗ ಸುಟ್ಟುಹೋಗಬಹುದು. ಆದ್ದರಿಂದ ವೈರು ಸೇರಿಸುವ ಮೊದಲು ಬ್ಯಾಟರಿಯನ್ನು ಮತ್ತೆ ಜೋಡಿಸಿ, ಲೈಟ್ ಹಾಕಿ, ಈ ಸಲ ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ನೀವು ಆರಿಸಿದ ವೈರುಗಳಲ್ಲಿ ವೋಲ್ಟೇಜ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ವೈರುಗಳು ಸೇರಿದ ಮೇಲೆ ಸ್ಟಿರಿಯೋದ ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಂಗ್ ಕಲಿಕೆಯ ಪುಟ ತೆರೆದು, ಹಳೆಯ ದಾಖಲೆ ಅಳಿಸಿ, ಬಟನ್ ಒತ್ತಿಹಿಡಿದು ಪರದೆಯ ಮೇಲೆ ಅದರ ಕೆಲಸವನ್ನು ತೋರಿಸಿದರೆ ಸಾಕು. ಪಯೋನಿಯರ್, ಸೋನಿಯಂಥ ಸ್ಟಿರಿಯೋಗಳಲ್ಲಿ ಸಾಮಾನ್ಯವಾಗಿ ಈ ಕೀ ವೈರುಗಳ ಬದಲು 3.5 ಮಿ.ಮೀ. ರಿಮೋಟ್ ಜ್ಯಾಕ್ ಇರುತ್ತದೆ. ಅವುಗಳಿಗೆ ನಡುವೆ ಒಂದು ಅಡಾಪ್ಟರ್ ಬೇಕು. ಬಟನ್ ಸಂಕೇತಗಳು ಕ್ಯಾನ್ ಬಸ್ (ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಡಿಜಿಟಲ್ ಸಂದೇಶ ಕಳಿಸುವ ಜಾಲ) ಮೂಲಕ ಹೋಗುವ ಕಾರುಗಳಿಗೆ ಆ ಸಂದೇಶವನ್ನು ಸ್ಟಿರಿಯೋಗೆ ಅರ್ಥವಾಗುವಂತೆ ಮಾಡುವ, ಆಯಾ ಮಾದರಿಯ ಡಿಕೋಡರ್ ಬೇಕು, ಅಲ್ಲಿ ಈ ಓಮ್ ಲೆಕ್ಕ ನಡೆಯುವುದಿಲ್ಲ.

ಕೊನೆಗೆ ಕ್ಲಾಕ್ ಸ್ಪ್ರಿಂಗ್ ವಿಷಯ. ಕಪ್ಲರಿನಲ್ಲಿ ಮೀಟರ್ ಹಿಡಿದಿರುವಾಗಲೇ ಒಂದು ಬಟನ್ ಒತ್ತಿಹಿಡಿಸಿ, ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಯವರೆಗೆ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಾದರೂ ಅಂಕಿ ಜಿಗಿದರೆ ಅಥವಾ ಮಾಯವಾದರೆ ಅಂಗಡಿಯವರ ಮಾತು ನಿಜವಿರಬಹುದು. ಆಗ ಆ ಕೆಲಸವನ್ನು ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ಅದಕ್ಕೆ ಏರ್‌ಬ್ಯಾಗ್ ಕಳಚಬೇಕಾಗುತ್ತದೆ, ಬ್ಯಾಟರಿ ಬಿಚ್ಚಿದ ಮೇಲೆ ಕನಿಷ್ಠ 90 ಸೆಕೆಂಡು ಕಾಯದೆ ಅದನ್ನು ಮುಟ್ಟುವಂತಿಲ್ಲ. ನಿಮ್ಮ ಮೀಟರಿನಲ್ಲಿ ಬಂದ ಅಂಕಿಗಳನ್ನು ಇಲ್ಲಿ ಬರೆದರೆ ಮುಂದಿನದನ್ನು ನೋಡಿ ಹೇಳುತ್ತೇನೆ.