ನೈಲ್‌ನಂತೆಯೇ? ಅಲ್ಲವೇ ಅಲ್ಲ

ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಪ್ರಾಚೀನ ಸುಮೇರ್ ನಾಡಿನ ಮೇಲಿನ ನಿಮ್ಮ ಲೇಖನ ‘ಜೋಡಿ ನದಿಗಳ ವರ’ ಓದಿದೆ. ಗಡಿಯ ಹೊಲಕ್ಕೂ ಕಾಲುವೆ ನೀರಿಗೂ ಲಗಾಷ್ ಮತ್ತು ಉಮ್ಮಾ ಎಂಬ ನಗರರಾಜ್ಯಗಳು ತಲೆಮಾರುಗಟ್ಟಲೆ ಬಡಿದಾಡಿದ ಭಾಗ ಚೆನ್ನಾಗಿದೆ. ಆದರೆ ಎರಡನೆಯ ಪುಟದ ಮೂರು ವಾಕ್ಯ ನನ್ನನ್ನು ಕೆರಳಿಸಿದವು. ಉಳಿದದ್ದರ ಮಾತು ಈಗ ಬೇಡ.

‘ನೈಲ್‌ನಂತೆಯೇ ಈ ನದಿಗಳೂ ಪ್ರತಿವರ್ಷ ಉಕ್ಕಿ ರೈತನ ಹೊಲಕ್ಕೆ ನೀರುಣಿಸುತ್ತಿದ್ದವು.’ ನಾನು ಕೆಲಸ ಕಲಿಯುವಾಗ ಬೇಸಾಯದ ಬರಹದ ಪ್ರತಿ ಕ್ರಿಯಾಪದದ ಪಕ್ಕ ತಿಂಗಳ ಹೆಸರು ಗುರುತು ಹಾಕಬೇಕಿತ್ತು. ಇಲ್ಲಿಯೂ ಹಾಕಿ ನೋಡಿ. ನೈಲ್ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ತುಂಬಿ, ಇಳಿದಾಗ ಹದವಾದ ನೆಲ ಬಿಟ್ಟುಹೋಗುತ್ತಿತ್ತು. ಬಿತ್ತನೆಗೆ ಸರಿಯಾದ ಹೊತ್ತು. ಸುಮೇರಿನ ಯೂಫ್ರಟಿಸ್, ಟೈಗ್ರಿಸ್ ತುಂಬುತ್ತಿದ್ದುದು ಬೆಟ್ಟದ ಹಿಮ ಕರಗಿದ ಮೇಲೆ, ಏಪ್ರಿಲ್–ಮೇನಲ್ಲಿ. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿದ ಬಾರ್ಲಿ ಆಗ ಕೊಯ್ಲಿಗೆ ನಿಂತಿರುತ್ತಿತ್ತು. ಬೀಜಕ್ಕೆ ನೀರು ಬೇಕಾದಾಗ ನದಿ ಸೊರಗಿರುತ್ತಿತ್ತು, ತೆನೆ ಒಣಗಬೇಕಾದಾಗ ಹೊಲಕ್ಕೆ ನುಗ್ಗುತ್ತಿತ್ತು. ಇದು ವರವೇ? ಮಳೆಯೋ ವರ್ಷಕ್ಕೆ 200 ಮಿ.ಮೀ.ಗಿಂತ ಕಡಿಮೆ. ಕಾಲುವೆಯೂ ಬೇಕು, ಅದೇ ನೀರನ್ನು ತಡೆಯುವ ಒಡ್ಡೂ ಬೇಕು.

‘ತಗ್ಗಿನ ನದಿಯಿಂದ ನೀರನ್ನು ಮೇಲೆತ್ತಿ ಹೊಲಕ್ಕೆ ಹರಿಸಿದರು.’ ತಲೆಕೆಳಗಾಗಿದೆ. ಉಕ್ಕಿದ ನದಿ ದಪ್ಪ ಮರಳು–ಹೂಳನ್ನು ಮೊದಲು ಪಕ್ಕದಲ್ಲೇ ಕೆಡವುತ್ತದೆ. ವರ್ಷವರ್ಷವೂ ದಂಡೆ ಏರಿ, ಪಾತ್ರವೂ ಏರಿ, ಕೊನೆಗೆ ನದಿಯೇ ಬಯಲಿಗಿಂತ ಎತ್ತರದಲ್ಲಿ ಹರಿಯುತ್ತದೆ. ದಂಡೆ ಕಡಿದರೆ ಸಾಕು, ನೀರು ತಾನಾಗಿ ಇಳಿಯುತ್ತದೆ. ಕಷ್ಟವಿರುವುದು ಅದನ್ನು ಮುಚ್ಚುವುದರಲ್ಲಿ, ಕಾಲುವೆಗೆ ತುಂಬುವ ಹೂಳನ್ನು ಮತ್ತೆ ಮತ್ತೆ ಎತ್ತುವುದರಲ್ಲಿ. ಈ ಇಳಿಜಾರನ್ನು ಹಿಡಿದರೆ ಊರಿನ ನಕ್ಷೆಯೂ ತೆರೆದುಕೊಳ್ಳುತ್ತದೆ: ನೀರು ಬಸಿದುಹೋಗುವ ದಂಡೆಯ ಮೇಲೆ ಖರ್ಜೂರ ಮತ್ತು ತೋಟ, ಅದರ ಕೆಳಗೆ ಬಾರ್ಲಿ, ತೀರಾ ತಗ್ಗಿನಲ್ಲಿ ಜೌಗು, ಜೊಂಡು, ಮೀನು.

‘ನೀರು ಬಂದಮೇಲೆ ನೆಲ ಬಂಗಾರವಾಯಿತು, ಗೋಧಿ ತೂಗಾಡಿತು.’ ನೀರು ಬಂತು ಸರಿ, ಹೋಯಿತೆಲ್ಲಿಗೆ? ಬಾಗ್ದಾದ್‌ನಿಂದ ಪರ್ಷಿಯನ್ ಕೊಲ್ಲಿಯವರೆಗಿನ ಸುಮಾರು 500 ಕಿ.ಮೀ.ಯಲ್ಲಿ ನೆಲ ಇಳಿಯುವುದು 35 ಮೀಟರಿನಷ್ಟು. ನೀರು ಬಸಿಯುವುದಿಲ್ಲ, ಅಂತರ್ಜಲ ಬೇರಿನವರೆಗೆ ಏರುತ್ತದೆ, ಬಿಸಿಲು ನೀರನ್ನು ಹೀರಿ ಉಪ್ಪನ್ನು ಮೇಲೆ ಬಿಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರನ್ನು ಕೇಳಿ, ಸವಳು–ಜವಳು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಉಪ್ಪನ್ನು ಬಾರ್ಲಿ ಗೋಧಿಗಿಂತ ಹೆಚ್ಚು ತಾಳುತ್ತದೆ. ಕಾಲ ಕಳೆದಂತೆ ಗೋಧಿಯ ಪಾಲು ಕುಗ್ಗಿದ್ದಕ್ಕೆ ಉಪ್ಪೇ ಕಾರಣವೆಂದು ವಿದ್ವಾಂಸರಾದ ಜೇಕಬ್ಸನ್, ಆಡಮ್ಸ್ 1958ರಲ್ಲಿ ವಾದಿಸಿದರು; ಅದಕ್ಕೆ ಆಕ್ಷೇಪಗಳೂ ಬಂದಿವೆ, ಅದನ್ನೂ ಬರೆಯಿರಿ. ಹೊಲವನ್ನು ವರ್ಷ ಬಿಟ್ಟು ವರ್ಷ ಬೀಳುಬಿಟ್ಟರೆ ಆಳ ಬೇರಿನ ಕಳೆ ಅಂತರ್ಜಲವನ್ನು ಹೀರಿ ಕೆಳಗಿಳಿಸುತ್ತದೆ. ನಿಮ್ಮ ಲೇಖನದಲ್ಲಿ ಬೀಳುಭೂಮಿ ಎಂಬ ಪದವೇ ಇಲ್ಲ.

ಸುಮೇರಿಯನ್ ಭಾಷೆಯಲ್ಲೇ ರೈತನೊಬ್ಬ ಮಗನಿಗೆ ಹೇಳುವ ಪಾಠವೊಂದು ಜೇಡಿಮಣ್ಣಿನ ಫಲಕಗಳಲ್ಲಿ ಉಳಿದಿದೆ. ಕೂರಿಗೆಯಲ್ಲಿ ಬೀಜ ಎರಡು ಬೆರಳು ಆಳಕ್ಕೆ ಬೀಳಬೇಕು, ಪೈರು ಸಾಲು ತುಂಬಿದಾಗ ನೀರು ಬಿಡಬೇಕು, ಚಾಪೆ ಹಾಸಿದಂತಾದಾಗ ಮತ್ತೊಮ್ಮೆ. ಹೀಗೆ ಎಣಿಸಿ ಎಣಿಸಿ ಹೇಳುತ್ತಾನೆ. ‘ತೂಗಾಡಿತು’ ತೆಗೆದು ಅದನ್ನು ಹಾಕಿ, ಗೋಧಿ ಎಂದಿರುವಲ್ಲಿ ಬಾರ್ಲಿ ಮಾಡಿ. ಎರಡನೆಯ ಪುಟವಷ್ಟೇ ಕಳಿಸಿದರೆ ಸಾಕು.