ಸತು ಬೆರೆಸಿದರೂ ಮ್ಯಾಗ್ನೆಟೈಟ್ (ಕಬ್ಬಿಣದ ಕಪ್ಪು ಆಕ್ಸೈಡ್) ನ್ಯಾನೋ ಪುಡಿಯ ಕಾಂತಶಕ್ತಿ ಏರುತ್ತಿಲ್ಲ. 400, 500, 600 ಡಿಗ್ರಿಗಳಲ್ಲಿ ಎಷ್ಟಕ್ಕೆ ಕಾಯಿಸಲಿ?

ಯಾವುದಕ್ಕೂ ಬೇಡ. ಮೊದಲು ನಿಮ್ಮ ಪುಡಿಯಲ್ಲಿ ಸತು ಇದೆಯಾ ನೋಡಿ.

ಅಮೋನಿಯಾ ಹಾಕಿ ಪುಡಿ ಮಾಡಿದೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು. ಪಿಎಚ್‌ಡಿ ಶುರುವಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಕಬ್ಬಿಣದ ಎರಡು ಕ್ಲೋರೈಡ್, ಜೊತೆಗೆ ಸತುವಿನದು, ಮೇಲಿಂದ ಧಾರಾಳವಾಗಿ ಅಮೋನಿಯಾ. ನೋಡನೋಡುತ್ತಲೇ ಎಲ್ಲ ಕಪ್ಪು. ಬೀಕರ್ ಕೆಳಗೆ ಮ್ಯಾಗ್ನೆಟ್ ಇಟ್ಟರೆ ಪುಡಿ ತಳಕ್ಕೆ, ಮೇಲೆ ತಿಳಿನೀರು. ಆಹಾ, ಎಷ್ಟು ಚೆನ್ನಾಗಿ ಇಳಿದಿದೆ ಅಂತ ಆ ನೀರನ್ನು ಸುರಿದುಬಿಡುತ್ತಿದ್ದೆ.

ಸತು ಇದ್ದದ್ದೇ ಆ ನೀರಿನಲ್ಲಿ. ಸ್ವಲ್ಪ ಅಮೋನಿಯಾಗೆ ಸತು ಬಿಳಿ ಹೈಡ್ರಾಕ್ಸೈಡ್ ಆಗಿ ಕೆಳಗಿಳಿಯುತ್ತದೆ. ಅಮೋನಿಯಾ ಜಾಸ್ತಿಯಾದರೆ ಒಂದೊಂದು ಸತು ಅಯಾನಿಗೆ ನಾಲ್ಕು ಅಮೋನಿಯಾ ಅಂಟಿಕೊಂಡು ಮತ್ತೆ ನೀರಿಗೆ ಕರಗಿಸುತ್ತವೆ. ಕಬ್ಬಿಣಕ್ಕೆ ಹೀಗಾಗುವುದಿಲ್ಲ, ಅದು ತಳದಲ್ಲೇ ಉಳಿಯುತ್ತದೆ. ತಾಮ್ರವಾಗಿದ್ದರೆ ನೀರು ಕಡುನೀಲಿಯಾಗಿ ಗುಟ್ಟು ರಟ್ಟಾಗುತ್ತಿತ್ತು. ಸತುವಿಗೆ ಬಣ್ಣವೇ ಇಲ್ಲ. ಪಿಯುಸಿ ಲ್ಯಾಬಿನ ಸಾಲ್ಟ್ ಅನಾಲಿಸಿಸ್‌ನಲ್ಲೇ ಓದಿದ್ದ ವಿಷಯ ಇದು, ಅಲ್ವಾ? ತಲೆಗೆ ಹೊಳೆಯಲೇ ಇಲ್ಲ. ಬಾಟಲಿ ಮೇಲೆ x = 0.3 ಅಂತ ಲೇಬಲ್ (x ಅಂದರೆ ಒಂದು ಫಾರ್ಮುಲಾದಲ್ಲಿ ಸತು ಎಷ್ಟು ಅನ್ನುವುದು), ಒಳಗೆ ಬಹುಪಾಲು ಬರೀ ಮ್ಯಾಗ್ನೆಟೈಟ್.

ಹರಳಿನ ರಚನೆ ತೋರಿಸುವ ಎಕ್ಸ್‌-ರೇ ಪರೀಕ್ಷೆ ಎಕ್ಸ್‌ಆರ್‌ಡಿಯಲ್ಲೂ ಸಿಕ್ಕಿಬೀಳಲಿಲ್ಲ. ಮ್ಯಾಗ್ನೆಟೈಟ್, ಸತುವಿನ ಫೆರೈಟ್ (ಸತು-ಕಬ್ಬಿಣದ ಆಕ್ಸೈಡ್) ಎರಡೂ ಸ್ಪಿನೆಲ್ ಅನ್ನುವ ಒಂದೇ ಬಗೆಯ ಹರಳು. ಜಾಲದ ಅಳತೆ ಒಂದರದು ಸುಮಾರು 8.40 ಆಂಗ್‌ಸ್ಟ್ರಾಂ, ಇನ್ನೊಂದರದು 8.44. ಹತ್ತು ನ್ಯಾನೋಮೀಟರ್ ಕಣಗಳ ದಪ್ಪ ಪೀಕಿನಲ್ಲಿ x = 0.3 ತರುವ ವ್ಯತ್ಯಾಸ ಸುಲಭವಾಗಿ ಮುಚ್ಚಿಹೋಗುತ್ತದೆ.

ಆಮೇಲೆ ನಿಮಗೆ ಬಂದ ಯೋಚನೆಯೇ ನನಗೂ ಬಂತು. ಕಾಯಿಸಿದರೆ ಹರಳು ಸುಧಾರಿಸುತ್ತದೆ ಅಂತ ಗಾಳಿಯಲ್ಲೇ ಮಫಲ್ ಫರ್ನೇಸಿಗೆ ಇಟ್ಟೆ. ತೆಗೆದಾಗ ಕ್ರೂಸಿಬಲ್ ತುಂಬ ಇಟ್ಟಿಗೆ ಬಣ್ಣ. ಮ್ಯಾಗ್ನೆಟ್ ತೋರಿಸಿದರೆ ಪುಡಿ ಅಷ್ಟಕ್ಕಷ್ಟೇ ಅಲುಗಿತು. ಹೆಮಟೈಟ್, ಅಂದರೆ ಕಾಂತಗುಣ ತೀರಾ ಕಡಿಮೆಯಿರುವ ಕಬ್ಬಿಣದ ಕೆಂಪು ಆಕ್ಸೈಡ್! ಕಡಿಮೆ ಬಿಸಿಯಲ್ಲಿ ಮ್ಯಾಗ್ಹೆಮೈಟ್ ಅನ್ನುವ ಕಂದು ಆಕ್ಸೈಡ್ ಆಗುತ್ತದೆ, ಅದೂ ನಷ್ಟವೇ. ದೊಡ್ಡ ಹರಳಿನಲ್ಲೇ ಗ್ರಾಂಗೆ ಸುಮಾರು 92 ಇಎಂಯು (ಕಾಂತಶಕ್ತಿಯ ಅಳತೆ) ಇದ್ದದ್ದು 76ರ ಹತ್ತಿರಕ್ಕೆ ಇಳಿಯುತ್ತದೆ.

ಸತು ಹಾಕಿದರೆ ಏರಬೇಕು ಅನ್ನುವುದೇನೋ ಸರಿ. ಸ್ಪಿನೆಲ್ ಹರಳಿನಲ್ಲಿ ಲೋಹದ ಅಯಾನುಗಳಿಗೆ ಎ, ಬಿ ಅಂತ ಎರಡು ಬಗೆಯ ಜಾಗ; ಎ ಜಾಗದ ಕಬ್ಬಿಣ ಒಂದು ಕಡೆ, ಬಿ ಜಾಗದ್ದು ಇನ್ನೊಂದು ಕಡೆ ಎಳೆಯುವ ಹಗ್ಗಜಗ್ಗಾಟ ಅದು. ಕಾಂತಗುಣವಿಲ್ಲದ ಸತು ಎ ಕಡೆ ಕೂತರೆ ಆ ತಂಡ ಸೋಲುತ್ತದೆ, ನಿವ್ವಳ ಬಲ ಹೆಚ್ಚುತ್ತದೆ. ಲೆಕ್ಕದ ಪ್ರಕಾರ ಒಂದು ಫಾರ್ಮುಲಾಕ್ಕೆ 4+6x ಬೋರ್ ಮ್ಯಾಗ್ನೆಟಾನ್ (ಪರಮಾಣು ಮಟ್ಟದ ಕಾಂತಬಲದ ಅಳತೆ). ಆದರೆ x 0.4ರ ಆಸುಪಾಸು ದಾಟಿದರೆ ಎ-ಬಿ ಹಿಡಿತ ಸಡಿಲವಾಗಿ ಮತ್ತೆ ಇಳಿಯುತ್ತದೆ. ಕ್ಯೂರಿ ತಾಪಮಾನವಂತೂ (ಅದನ್ನು ದಾಟಿದರೆ ಈ ಕಾಂತಗುಣ ಹೋಗುತ್ತದೆ) ಸತು ಸೇರಿದಷ್ಟೂ ಇಳಿಯುತ್ತದೆ.

x ಮತ್ತು ಡಿಗ್ರಿ ಎರಡನ್ನೂ ಬದಲಿಸಿ ದೊಡ್ಡ ಟೇಬಲ್ ಮಾಡಬೇಕು ಅಂತ ನಿಮ್ಮ ಗೈಡ್ ಹೇಳಿರಬಹುದು. ನನಗೆ ಅದು ಸುಮ್ನೆ ದಂಡ ಅನ್ನಿಸುತ್ತದೆ. ಕಾಯಿಸಿದರೆ ಕಣ ದೊಡ್ಡದಾಗುತ್ತದೆ, ಬರೀ ಅಷ್ಟಕ್ಕೇ ಕಾಂತಶಕ್ತಿ ಬದಲಾಗುತ್ತದೆ. ಯಾವುದು ಸತುವಿನಿಂದ, ಯಾವುದು ಗಾತ್ರದಿಂದ ಅಂತ ಹೇಗೆ ಹೇಳುತ್ತೀರಿ?

ಅಮೋನಿಯಾ ಬಿಟ್ಟು ಕಾಸ್ಟಿಕ್ ಸೋಡಾ ಬಳಸಿ, ನೈಟ್ರೋಜನ್ ಹರಿಸುತ್ತಾ ಪಿಎಚ್ 10ರ ಹತ್ತಿರ ನಿಲ್ಲಿಸಿ. ಸೋಡಾ ಅತಿಯಾದರೂ ಸತು ಕರಗುತ್ತದೆ. ತಿಳಿನೀರನ್ನು ಸೋಸಿ ಎರಡು ಹನಿ ಸೋಡಿಯಂ ಸಲ್ಫೈಡ್ ಹಾಕಿ. ಬೆಳ್ಳಗೆ ಕದಡಿದರೆ ಸತು ಹೊರಗಿದೆ ಅಂತಲೇ ಅರ್ಥ. ಕಾಂತಶಕ್ತಿ ಅಳೆಯುವ ವಿಎಸ್‌ಎಂ ಯಂತ್ರದ ಸ್ಲಾಟಿಗೆ ಕಾಯುವ ಮೊದಲು ಪುಡಿಯನ್ನು ಐಸಿಪಿಗೆ (ಯಾವ ಲೋಹ ಎಷ್ಟಿದೆ ಅಂತ ತಿಳಿಸುವ ಪರೀಕ್ಷೆ) ಕಳಿಸಿ.

ಕೋಯರ್ಸಿವಿಟಿ (ಉಳಿದ ಕಾಂತತೆ ಅಳಿಸಲು ಬೇಕಾದ ಎದುರು ಕಾಂತಕ್ಷೇತ್ರ) ಸೊನ್ನೆ ಬಂತು, ಕೋಬಾಲ್ಟ್‌ಗೆ ಬದಲಾಯಿಸಲಾ ಅಂತಲೂ ಕೇಳಿದ್ದೀರಿ. ಇಷ್ಟು ಸಣ್ಣ ಕಣಕ್ಕೆ ಕೋಣೆಯ ಬಿಸಿಯಲ್ಲಿ ಸೊನ್ನೆ ಬರುವುದು ಸಹಜ, ಬ್ಲಾಕಿಂಗ್ ತಾಪಮಾನ (ಅದನ್ನು ದಾಟಿದರೆ ಕಣದ ಕಾಂತದಿಕ್ಕು ಬಿಸಿಗೆ ತಾನೇ ಹೊರಳಾಡುತ್ತದೆ) ಅದಕ್ಕಿಂತ ಕೆಳಗಿರುತ್ತದೆ. ಕೋಬಾಲ್ಟ್ ಆ ತಾಪಮಾನವನ್ನು ಮೇಲೆತ್ತುತ್ತದೆ ನಿಜ. ಆದರೆ ಅಮೋನಿಯಾ ಅದಕ್ಕೂ ಅಂಟಿಕೊಳ್ಳುತ್ತದೆ, ಅಲ್ಲೂ ಆ ಬಾಟಲಿ ಮುಟ್ಟಬೇಡಿ.