ಓದುಗರ ಪ್ರಶ್ನೆ: ಕಾಸರಗೋಡಿನಲ್ಲಿ ಕನ್ನಡ ಅಧ್ಯಾಪಕರಾಗಲು

ಪ್ರಶ್ನೆ: ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎ., ಎಂ.ಎ. (ಕನ್ನಡ) ಮುಗಿಸಿದ್ದೇನೆ. ಬಿ.ಎಡ್. ಕೂಡ ಅಲ್ಲೇ ಮಾಡಿ ಊರಿನ ಸರಕಾರಿ ಹೈಸ್ಕೂಲಿಗೆ ಸೇರುವ ಆಸೆ. ಎಲ್ಲಿಂದ ಶುರು ಮಾಡಲಿ? (ಬದಿಯಡ್ಕದ ಓದುಗರು)

ಉತ್ತರ: ಕಾಗದಪತ್ರಗಳಿಂದ. ಸರಕಾರಿ ಹುದ್ದೆಗೆ ಆಯ್ಕೆ ಮಾಡುವ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಕೇಳುವುದು ಕೇರಳದ ವಿಶ್ವವಿದ್ಯಾನಿಲಯ ಕೊಟ್ಟ ಅಥವಾ ಅದು ಮಾನ್ಯ ಮಾಡಿದ ಪದವಿ ಮತ್ತು ಬಿ.ಎಡ್. ಗಡಿಯ ಆಚೆ, ಕರ್ನಾಟಕದಲ್ಲಿ ಕಲಿತವರು ಎಡವುವುದು ಇಲ್ಲೇ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ದಾಖಲೆ ಪರಿಶೀಲನೆಯ ದಿನ ಮಾನ್ಯತೆಯ ಪ್ರಮಾಣಪತ್ರ ಕೈಯಲ್ಲಿರುವುದಿಲ್ಲ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಪಠ್ಯಕ್ರಮದ ಪ್ರತಿ ಸೇರಿಸಿ ಆ ಪ್ರಮಾಣಪತ್ರಕ್ಕಾಗಿ ಕೇರಳದ ವಿಶ್ವವಿದ್ಯಾನಿಲಯಕ್ಕೆ ಇಂದೇ ಅರ್ಜಿ ಹಾಕಿ; ಇದಕ್ಕೆ ಹಿಡಿಯುವ ಸಮಯ ನಿಮ್ಮ ಕೈಯಲ್ಲಿಲ್ಲ.

ಬಿ.ಎಡ್. ಎರಡು ವರ್ಷ. ಕೇರಳದಲ್ಲಿ ಅದನ್ನು ಒಂದೇ ವಿಷಯದಲ್ಲಿ ಮಾಡುತ್ತಾರೆ, ಕರ್ನಾಟಕದಲ್ಲಿ ಎರಡು ಬೋಧನಾ ವಿಷಯಗಳಿರುತ್ತವೆ. ಅಲ್ಲೇ ಮಾಡುವುದಾದರೆ ಅವುಗಳಲ್ಲಿ ಒಂದು ಕನ್ನಡವಾಗಿರಲಿ, ಅಂಕಪಟ್ಟಿಯಲ್ಲೂ ಹಾಗೆಯೇ ಅಚ್ಚಾಗಿರಲಿ. ಕಾಸರಗೋಡಿನಲ್ಲೇ ಕಣ್ಣೂರು ವಿಶ್ವವಿದ್ಯಾನಿಲಯದ ಅಧ್ಯಾಪಕ ಶಿಕ್ಷಣ ಕೇಂದ್ರ ಇದೆ. ಅಲ್ಲಿ ಸೀಟು ಸಿಕ್ಕಿದರೆ ಬಿ.ಎಡ್.ನ ಮಟ್ಟಿಗೆ ಮಾನ್ಯತೆಯ ತೊಡಕೇ ಇಲ್ಲ. ನನ್ನ ಮೊದಲ ಸಲಹೆ ಅದೇ.

ಆಮೇಲೆ ಕೆ-ಟೆಟ್, ಅಂದರೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ. ಹೈಸ್ಕೂಲಿಗೆ ಬೇಕಾದದ್ದು ಮೂರನೆಯ ವಿಭಾಗ. 150 ಪ್ರಶ್ನೆ, ಎರಡೂವರೆ ಗಂಟೆ: ಹದಿಹರೆಯದ ಮನಶ್ಶಾಸ್ತ್ರ ಮತ್ತು ಬೋಧನೆಗೆ 40, ಭಾಷೆಗೆ 30, ವಿಷಯಕ್ಕೆ 80. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 82. ಸಾಹಿತ್ಯ ಓದಿಕೊಂಡವರು ಮನಶ್ಶಾಸ್ತ್ರವನ್ನು ಕೊನೆಗೆ ತಳ್ಳುತ್ತಾರೆ, ಅಲ್ಲೇ ಅಂಕ ಸೋರುತ್ತದೆ. ಕನ್ನಡದ 80ರಲ್ಲಿ 60 ಬಂದರೂ ಉಳಿದ 70ರಲ್ಲಿ 30 ಗಳಿಸಲೇಬೇಕಲ್ಲ! ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪಿಎಸ್‌ಸಿ ಪರೀಕ್ಷೆಯಲ್ಲಿ ಮಾತ್ರ ತಪ್ಪೊಂದಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ, ಅಲ್ಲಿ ಊಹೆಗೆ ಕಡಿವಾಣ ಇರಲಿ. ಕೆ-ಟೆಟ್ ಪಾಸಾದ ಮೇಲೆ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೂಲ ದಾಖಲೆ ತೋರಿಸಿದರೇ ಸರ್ಟಿಫಿಕೇಟ್ ಕೈಸೇರುವುದು.

ಪಿಎಸ್‌ಸಿಯ ‘ತುಳಸಿ’ ಜಾಲತಾಣದಲ್ಲಿ ನಿಮ್ಮ ಪ್ರೊಫೈಲನ್ನು ಈಗಲೇ ತೆರೆದಿಡಿ. ಅರ್ಜಿಯ ಕೊನೆಯ ದಿನಕ್ಕೆ ಎಲ್ಲ ಅರ್ಹತೆಯೂ ಇರಬೇಕು. ಅರ್ಜಿ ಹಾಕಿದ ಮೇಲೆ ಪರೀಕ್ಷೆ ಬರೆಯುತ್ತೇನೆಂಬ ದೃಢೀಕರಣವನ್ನು ಪ್ರೊಫೈಲಿನಲ್ಲೇ ಕೊಡಬೇಕು. ಅದನ್ನು ಮರೆತು ಪರೀಕ್ಷೆಯಿಂದಲೇ ಹೊರಗುಳಿಯುವವರಿದ್ದಾರೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಒಂದು ಇನಿಶಿಯಲ್, ಪದವಿಯಲ್ಲಿ ಇನ್ನೊಂದು ಇದ್ದರೆ ವಿಲೇಜ್ ಆಫೀಸಿನಿಂದ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಮಾಡಿಸಿಡಿ.

ಪ್ರಶ್ನೆ: ಗಣಿತದಲ್ಲಿ ಬಿ.ಎಡ್. ಆಗಿದೆ, ಓದಿದ್ದು ಕನ್ನಡ ಮಾಧ್ಯಮ. ಕನ್ನಡ ಹುದ್ದೆಗೆ ಅರ್ಜಿ ಹಾಕಬಹುದೇ? (ಪೈವಳಿಕೆಯ ಓದುಗರು)

ಉತ್ತರ: ಇಲ್ಲ. ನೀವು ಕಾಯಬೇಕಾದದ್ದು ‘ಹೈಸ್ಕೂಲು ಅಧ್ಯಾಪಕ, ಗಣಿತ (ಕನ್ನಡ ಮಾಧ್ಯಮ)’ ಎಂಬ ಅಧಿಸೂಚನೆಗೆ. ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಮಕ್ಕಳು ಪಡುವ ಪಾಡು ಈ ಜಿಲ್ಲೆಗೆ ಗೊತ್ತು. ಅರ್ಹರಾದ ನಿಮ್ಮಂಥವರು ತಪ್ಪದೆ ಅರ್ಜಿ ಹಾಕಬೇಕು.

ಪ್ರಶ್ನೆ: ಅನುದಾನಿತ ಶಾಲೆಯೊಂದು ಕರೆದಿದೆ. ಸೇರುವ ಮೊದಲು ಏನು ನೋಡಬೇಕು? (ಕುಂಬಳೆಯ ಓದುಗರು)

ಉತ್ತರ: ಹುದ್ದೆ ಯಾಕೆ ಖಾಲಿಯಾಯಿತೆಂದು ಕೇಳಿ. ನಿವೃತ್ತಿಯಿಂದಾದರೆ ಭದ್ರ, ರಜೆಯಿಂದಾದರೆ ಅವರು ಮರಳುವವರೆಗೆ ಮಾತ್ರ, ಹೊಸ ಡಿವಿಷನ್ನಿನದ್ದಾದರೆ ಮಂಜೂರಾತಿಯ ಆದೇಶ ಕಣ್ಣಾರೆ ನೋಡಿ. ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಹುದ್ದೆಗಳು ನಿಗದಿಯಾಗುತ್ತವೆ, ಮಕ್ಕಳು ಕಡಿಮೆಯಾದರೆ ಹುದ್ದೆಯೇ ಹೋಗಬಹುದು. ನೇಮಿಸುವವರು ಮ್ಯಾನೇಜರ್ ಆದರೂ ಹೈಸ್ಕೂಲಿನ ನೇಮಕವನ್ನು ಅಂಗೀಕರಿಸುವುದು ಡಿಇಒ. ಅಂಗೀಕಾರ ಆಗುವವರೆಗೆ ಸರಕಾರದ ಸಂಬಳ ಬರುವುದಿಲ್ಲ. ನೇಮಕದ ಆದೇಶದ ಪ್ರತಿಯನ್ನು ಸೇರಿದ ದಿನವೇ ಕೇಳಿ ಪಡೆಯಿರಿ, ಪ್ರಸ್ತಾವ ಕಚೇರಿಗೆ ಯಾವ ತಾರೀಕಿಗೆ ಹೋಯಿತೆಂದು ಬರೆದಿಟ್ಟುಕೊಳ್ಳಿ.